ಮದ್ದಿನ ಚೀಟಿಯ ತಪ್ಪಿಗೆ ಪರಿಹಾರ: ಕಾಸರಗೋಡಿನ ಒಂದು ವಕೀಲರ ಕಚೇರಿಯ ಸೇವೆ ಹೇಗಿತ್ತು?

ಹೋಟೆಲನ್ನೋ ಮಿಕ್ಸಿಯನ್ನೋ ವಿಮರ್ಶಿಸುವಂತೆ ವಕೀಲರ ಕಚೇರಿಯನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಆದರೂ ಎರಡು ವರ್ಷಕ್ಕೆ ಮಿಕ್ಕಿ ದುಡ್ಡು ಕೊಟ್ಟು ಪಡೆದ ಸೇವೆಯೊಂದು ಹೇಗಿತ್ತೆಂದು ಬರೆದಿಟ್ಟರೆ, ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರಗಳ ಕಡೆಯಿಂದ ತಲಪಾಡಿಯ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ನಮ್ಮಂಥವರಿಗೆ ಎಂದಾದರೂ ಉಪಯೋಗಕ್ಕೆ ಬಂದೀತು. ಕಚೇರಿ ವಿದ್ಯಾನಗರದ ಹತ್ತಿರ, ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿದೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ವಕೀಲರು ತಮ್ಮ ವೃತ್ತಿಗೆ ಜಾಹೀರಾತು ಮಾಡಿಕೊಳ್ಳಬಾರದೆಂದು ಬಾರ್ ಕೌನ್ಸಿಲಿನ ನಿಯಮವಿದೆ. ಹೀಗೊಂದು ಬರೆಯುತ್ತೇನೆಂದು ಹೇಳಿದಾಗ ವಕೀಲೆ ನಕ್ಕು, "ಹೊಗಳುವುದಾದರೆ ಹೆಸರು ಹಾಕಬೇಡಿ ಮಾಷ್ಟ್ರೇ, ತೆಗಳುವುದಾದರೆ ನಿಮ್ಮಿಷ್ಟ" ಎಂದರು. ನಾನು ಎರಡನ್ನೂ ಮಾಡುವವನಿರುವುದರಿಂದ ಹೆಸರು ಬಿಡುವುದೇ ಸರಿಯೆಂದು ತೋರಿತು. ಆಸ್ಪತ್ರೆಯ ಹೆಸರನ್ನು ಬಿಟ್ಟಿರುವುದಕ್ಕೆ ಬೇರೆ ಕಾರಣವಿದೆ, ಅದು ಮುಂದೆ ಬರುತ್ತದೆ.

2022ರ ಆಗಸ್ಟಿನಲ್ಲಿ, ನನ್ನ ಪತ್ನಿಗೆ 61 ವರ್ಷವಾಗಿದ್ದಾಗ, ಕೈಬೆರಳಿನ ಗಂಟುಗಳು ಬಾತು ಬೆಳಗ್ಗೆ ಎದ್ದರೆ ಮುಷ್ಟಿ ಹಿಡಿಯಲಾಗದ ಸ್ಥಿತಿ ಬಂದಿತ್ತು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಿಸಿಕೊಂಡು, ರುಮಟಾಯ್ಡ್ ಆರ್ಥ್ರೈಟಿಸ್ ಎಂದು ನಿರ್ಣಯಿಸಿ, ಡಿಸ್ಚಾರ್ಜ್ ಚೀಟಿಯಲ್ಲಿ ಆರು ಮದ್ದುಗಳನ್ನು ಬರೆದುಕೊಟ್ಟರು. ಮೂರನೆಯ ಸಾಲು ಮೆಥೋಟ್ರೆಕ್ಸೇಟ್ 7.5 ಮಿಲಿಗ್ರಾಂ, ದಿನಕ್ಕೊಂದು. ನಾಲ್ಕನೆಯ ಸಾಲು ಫೋಲಿಕ್ ಆ್ಯಸಿಡ್ 5 ಮಿಲಿಗ್ರಾಂ, ವಾರಕ್ಕೊಂದು. ಗಂಟುರೋಗಕ್ಕೆ ಮೆಥೋಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ಕೊಡುವುದು ಕ್ರಮ. ಇದೇ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೂ ಕೊಡುತ್ತಾರೆ. ಜೀವಕೋಶಗಳು ಒಡೆದು ಹೆಚ್ಚುವುದಕ್ಕೆ ಬೇಕಾದ ಫೋಲೇಟ್ ಎಂಬ ಜೀವಸತ್ವವನ್ನು ಅದು ತಡೆಯುವುದರಿಂದ, ದಿನವೂ ನುಂಗಿದರೆ ಮೊದಲು ಪೆಟ್ಟು ಬೀಳುವುದು ಬೇಗಬೇಗ ಹುಟ್ಟುವ ಕೋಶಗಳಿಗೆ, ಎಂದರೆ ಬಾಯಿಯ ಒಳಪೊರೆಗೆ ಮತ್ತು ರಕ್ತ ಹುಟ್ಟುವ ಅಸ್ಥಿಮಜ್ಜೆಗೆ. ಆ ಪೆಟ್ಟನ್ನು ತಗ್ಗಿಸಲೆಂದೇ ಜೊತೆಗೆ ಫೋಲಿಕ್ ಆ್ಯಸಿಡ್ ಕೊಡುವುದು. ನಮ್ಮ ಚೀಟಿಯಲ್ಲಿ ಈ ಎರಡು ಸಾಲುಗಳ ಲೆಕ್ಕ ಅದಲುಬದಲಾಗಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದೆಂದರೆ, ಒಂಬತ್ತನೆಯ ದಿನ ಆಕೆಯ ಬಾಯಿಯೊಳಗೆಲ್ಲ ಹುಣ್ಣಾಗಿ ಗಂಜಿಯ ತಿಳಿಯೂ ಇಳಿಯದೆ, ಜ್ವರ ಏರಿ, ತೋಳಿನಲ್ಲಿ ಕೆಂಪು ಚುಕ್ಕೆಗಳು ಎದ್ದದ್ದು ಮಾತ್ರ. ಬೇರೊಂದು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ವೈದ್ಯರು ಚೀಟಿ ನೋಡಿದ ಕೂಡಲೇ ಮಾತ್ರೆ ನಿಲ್ಲಿಸಿ, ಅದರ ವಿಷ ತಗ್ಗಿಸುವ ಲ್ಯೂಕೋವೊರಿನ್ ಚುಚ್ಚುಮದ್ದು ಆರಂಭಿಸಿದರು. ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ತೀರ ಕುಸಿದಿದ್ದವು. ಹನ್ನೊಂದು ದಿನ ಅಲ್ಲಿದ್ದು, 1,86,000 ರೂಪಾಯಿ ಕಟ್ಟಿ ಮನೆಗೆ ಬಂದೆವು.

ಊರಿನಲ್ಲಿ ಸಲಹೆಗೆ ಬರವಿರಲಿಲ್ಲ. ಪೊಲೀಸರಿಗೆ ದೂರು ಕೊಡಿ ಎಂದವರಿದ್ದರು, ಮೆಡಿಕಲ್ ಕೌನ್ಸಿಲಿಗೆ ಬರೆಯಿರಿ ಎಂದವರಿದ್ದರು. ಮಂಗಳೂರಿನಲ್ಲಿ ಒಬ್ಬ ಮಹನೀಯರು ಪರಿಹಾರ ಬಂದರೆ ಅದರಲ್ಲಿ ನೂರಕ್ಕೆ ಮೂವತ್ತು ತನಗೆ ಕೊಟ್ಟರೆ ಸಾಕು, ಈಗ ಒಂದು ಕಾಸೂ ಬೇಡ ಎಂದು ಫೋನಿನಲ್ಲೇ ಹೇಳಿದರು. ನಾನು ಕಾಸರಗೋಡಿನ ಈ ಕಚೇರಿಯ ಮೆಟ್ಟಿಲು ಹತ್ತಿದ್ದು ಆ ಬಳಿಕ. ಅಲ್ಲಿನ ವಕೀಲೆ ಮೊದಲ ಭೇಟಿಯಲ್ಲೇ ಈ ಮೂರೂ ದಾರಿಗಳನ್ನು ಒಂದೊಂದಾಗಿ ಅಳೆದು ತೋರಿಸಿದರು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯವು ಘೋರವಾಗಿರಬೇಕು, ಅದಕ್ಕೆ ಇನ್ನೊಬ್ಬ ವೈದ್ಯರ ಅಭಿಪ್ರಾಯವೂ ಬೇಕು. ಮೆಡಿಕಲ್ ಕೌನ್ಸಿಲ್ ವೈದ್ಯರನ್ನು ಶಿಕ್ಷಿಸಬಹುದೇ ಹೊರತು ರೋಗಿಗೆ ಪರಿಹಾರ ಕೊಡಿಸಲಾರದು. ಇನ್ನು ಪಾಲಿನ ಲೆಕ್ಕದ ಶುಲ್ಕವೆಂಬುದು ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. "ಮೂವತ್ತು ಕೇಳಿದವರು ವಕೀಲರೇ ಆಗಿದ್ದರೆ ಅವರ ಮೇಲೂ ಒಂದು ದೂರು ಬರೆಯಬಹುದು" ಎಂದು ಅವರು ಹೇಳಿದ ಧಾಟಿಯಲ್ಲಿ ತಮಾಷೆ ಎಷ್ಟು, ಗಂಭೀರ ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಉಳಿದದ್ದು ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ವಿ. ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ತೀರ್ಮಾನವಾಗಿದೆ.

ಈ ಕಚೇರಿಯ ನಿಜವಾದ ಕಸುಬು ನನಗೆ ಕಂಡದ್ದು ಅನಂತರದ ಪ್ರಶ್ನೆಯಲ್ಲಿ. ನಾನು ಡಿಸ್ಚಾರ್ಜ್ ಚೀಟಿಯನ್ನು ಮೇಜಿನ ಮೇಲಿಟ್ಟು ಇಷ್ಟು ಸಾಕಲ್ಲವೇ ಎಂಬಂತೆ ಕುಳಿತಿದ್ದೆ. ಅವರು ಅದನ್ನು ಒಮ್ಮೆ ಓದಿ ಬದಿಗಿಟ್ಟು, ಮದ್ದಿನಂಗಡಿಯ ಬಿಲ್ಲು ಎಲ್ಲಿ ಎಂದು ಕೇಳಿದರು. ಬಿಲ್ಲು ಮನೆಯಲ್ಲೆಲ್ಲೋ ಇದ್ದಿರಬೇಕೆಂದಾಗ, ಅದನ್ನು ಹುಡುಕಿ ತರುವವರೆಗೆ ಮುಂದಿನ ಮಾತು ಬೇಡವೆಂದರು. ಕಾರಣವನ್ನೂ ಬಿಡಿಸಿ ಹೇಳಿದರು: ವಾರಕ್ಕೊಮ್ಮೆ ಎಂದು ಬಾಯಿಮಾತಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆವು, ಟೈಪು ಮಾಡುವಾಗ ತಪ್ಪಾಗಿರಬಹುದು, ರೋಗಿಯ ಮನೆಯವರು ಕೇಳಿಸಿಕೊಳ್ಳಲಿಲ್ಲ ಎಂದು ಆಸ್ಪತ್ರೆ ವಾದಿಸುವುದು ಖಂಡಿತ. ಆ ಮಾತಿಗೆ ಉತ್ತರ ಚೀಟಿಯಲ್ಲಿಲ್ಲ, ಬಿಲ್ಲಿನಲ್ಲಿದೆ. ಬಿಲ್ಲು ಸಿಕ್ಕಿತು. ಆಸ್ಪತ್ರೆಯ ಒಳಗಿನ ಮದ್ದಿನಂಗಡಿಯೇ ಇಪ್ಪತ್ತು ಮೆಥೋಟ್ರೆಕ್ಸೇಟ್ ಮಾತ್ರೆಗಳನ್ನೂ ಮೂರು ಫೋಲಿಕ್ ಆ್ಯಸಿಡ್ ಮಾತ್ರೆಗಳನ್ನೂ ಕೊಟ್ಟಿತ್ತು. ಮತ್ತೆ ಬಂದು ತೋರಿಸಲು ಹೇಳಿದ್ದು ಇಪ್ಪತ್ತು ದಿನ ಕಳೆದು. ವಾರಕ್ಕೊಂದರಂತೆ ಆ ಅವಧಿಗೆ ಬೇಕಾಗುವುದು ಮೂರೇ ಮಾತ್ರೆ. ಇಪ್ಪತ್ತು ಕೊಟ್ಟಿದ್ದಾರೆಂದರೆ ಚೀಟಿಯನ್ನು ದಿನಕ್ಕೊಂದು ಎಂದೇ ಓದಿದವರು ನಾವೊಬ್ಬರೇ ಅಲ್ಲ, ಆಸ್ಪತ್ರೆಯ ಫಾರ್ಮಸಿಸ್ಟರೂ ಹಾಗೆಯೇ ಓದಿದ್ದರು, ಓದಿಯೂ ವೈದ್ಯರಿಗೆ ಒಂದು ಮಾತು ಕೇಳಿರಲಿಲ್ಲ. ಮೂವತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಈ ಭಾಗಾಕಾರ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಎರಡನೆಯ ಪ್ರಶ್ನೆ ಉಳಿದ ಮಾತ್ರೆಗಳ ಬಗ್ಗೆ. ಅವನ್ನು ನನ್ನ ಪತ್ನಿ ಎಲೆ ಅಡಿಕೆಯ ತಟ್ಟೆಯ ಅಡಿಯಲ್ಲಿ ಇಟ್ಟಿದ್ದಳು. ಬಾಯಿಹುಣ್ಣಿನಿಂದಾಗಿ ತಟ್ಟೆಗೆ ತಿಂಗಳುಗಟ್ಟಲೆ ಯಾರೂ ಕೈಹಾಕದಿದ್ದುದರಿಂದ ಅವು ಹಾಗೆಯೇ ಉಳಿದಿದ್ದವು. ಒಂದು ಪಟ್ಟಿಯಲ್ಲಿ ಒಂದು, ಇನ್ನೊಂದು ಪಟ್ಟಿಯಲ್ಲಿ ಹತ್ತು, ಒಟ್ಟು ಹನ್ನೊಂದು. ಇಪ್ಪತ್ತರಲ್ಲಿ ಹನ್ನೊಂದು ಕಳೆದರೆ ಒಂಬತ್ತು, ಕಾಯಿಲೆ ಬಿದ್ದದ್ದು ಒಂಬತ್ತನೆಯ ದಿನ. ಪಟ್ಟಿಗಳ ಹಿಂಬದಿಯ ಬ್ಯಾಚ್ ಸಂಖ್ಯೆ ಬಿಲ್ಲಿನ ಸಂಖ್ಯೆಯೊಂದಿಗೆ ಹೊಂದುತ್ತದೆಯೇ ಎಂದು ಗುಮಾಸ್ತರು ಕನ್ನಡಕ ಏರಿಸಿ ನೋಡಿ, ಫೋಟೋ ತೆಗೆದು, ಲಕೋಟೆಗೆ ಹಾಕಿ ಮೇಣದ ಮುದ್ರೆ ಒತ್ತಿದರು. ಮದ್ದಿನಿಂದ ತೊಂದರೆಯಾದವರಲ್ಲಿ ಹೆಚ್ಚಿನವರು ಸಿಟ್ಟಿನಿಂದ ಮೊದಲು ಮಾಡುವ ಕೆಲಸ ಆ ಮಾತ್ರೆಗಳನ್ನು ಒಲೆಗೋ ಗೊಬ್ಬರದ ಗುಂಡಿಗೋ ಎಸೆಯುವುದಂತೆ.

ದಾಖಲೆ ತರಿಸುವುದರಲ್ಲಿ ಇವರ ಶಿಸ್ತಿಗೆ ಪೂರ್ಣ ಅಂಕ ಕೊಡುತ್ತೇನೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿಯೋ ಆಕೆಯ ಪರವಾಗಿ ಅಧಿಕಾರವುಳ್ಳವರೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿ ಹೇಳುತ್ತದೆ. ಕಚೇರಿಯವರು ಈ ನಿಯಮವನ್ನು ಉಲ್ಲೇಖಿಸಿ, ನನ್ನ ಪತ್ನಿಯ ಸಹಿ ಹಾಕಿಸಿ, ರಿಜಿಸ್ಟರ್ ಅಂಚೆಯಲ್ಲಿ ಎರಡೂ ಆಸ್ಪತ್ರೆಗಳಿಗೆ ಪತ್ರ ಕಳಿಸಿದರು. ಅದರಲ್ಲಿ ಪರಿಹಾರದ ಮಾತಾಗಲಿ ಆಪಾದನೆಯಾಗಲಿ ಒಂದಕ್ಷರವೂ ಇರಲಿಲ್ಲ. ಬೆದರಿಕೆಯ ನೋಟೀಸು ಮೊದಲು ಹೋದರೆ ದಾಖಲೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಹೊಸ ಶಾಯಿಯಲ್ಲಿ ಬರುತ್ತದೆ ಎಂಬುದು ಅವರ ಅನುಭವ. ಮೊದಲ ಆಸ್ಪತ್ರೆಯ ಕೇಸ್ ಶೀಟು ಐದನೆಯ ದಿನ ಕೈಸೇರಿತು. ಹಿರಿಯ ವೈದ್ಯರು ರೌಂಡಿನಲ್ಲಿ ಕೈಯಲ್ಲಿ ಬರೆದ ಟಿಪ್ಪಣಿಯಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು. ಅದನ್ನು ನೋಡಿ ಡಿಸ್ಚಾರ್ಜ್ ಚೀಟಿ ಟೈಪು ಮಾಡಿದ ಕಡೆ ಸಾಲು ಬದಲಾಗಿತ್ತು. ಇದು ಅವರಿಗೇ ಅನುಕೂಲವಲ್ಲವೇ ಎಂದು ನಾನು ಗಾಬರಿಯಾದೆ. ಹಾಗಲ್ಲ, ಸರಿಯಾದ ಪ್ರಮಾಣ ಯಾವುದೆಂದು ಅವರಿಗೆ ಗೊತ್ತಿತ್ತು ಎನ್ನುವುದಕ್ಕೆ ಅವರದೇ ಕೈಬರಹದ ಸಾಕ್ಷಿ ಸಿಕ್ಕಂತಾಯಿತು, ಇನ್ನು ಇದು ವೈದ್ಯಕೀಯ ಅಭಿಪ್ರಾಯಭೇದವೆಂದು ಹೇಳಿ ಪಾರಾಗಲು ಬರುವುದಿಲ್ಲ ಎಂದು ವಕೀಲೆ ವಿವರಿಸಿದರು. ಎರಡನೆಯ ಆಸ್ಪತ್ರೆಯ ಸಾರಾಂಶದಲ್ಲಿ ಮೆಥೋಟ್ರೆಕ್ಸೇಟಿನ ವಿಷಪರಿಣಾಮ ಎಂದು ಸ್ಪಷ್ಟವಾಗಿ ಬರೆದಿದ್ದುದರಿಂದ ತಪ್ಪಿಗೂ ಹಾನಿಗೂ ನಡುವಿನ ಕೊಂಡಿ ಸಿಕ್ಕಿತು. ತಪ್ಪು ನಡೆದಿದೆ ಎಂದಷ್ಟಕ್ಕೇ ಪರಿಹಾರ ಸಿಗುವುದಿಲ್ಲ, ಈ ಹಾನಿ ಈ ತಪ್ಪಿನಿಂದಲೇ ಆಯಿತೆಂದು ತೋರಿಸಬೇಕು.

ಗಡಿಯ ಈಚೆಗಿರುವವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಬೇರೊಂದಿದೆ. ಆಸ್ಪತ್ರೆ ಕರ್ನಾಟಕದಲ್ಲಿದೆ, ನಾವು ಕೇರಳದಲ್ಲಿದ್ದೇವೆ. ಹಳೆಯ 1986ರ ಕಾಯಿದೆಯ ಕಾಲದಲ್ಲಾಗಿದ್ದರೆ ಎದುರುದಾರರು ಇರುವ ಕಡೆ ಅಥವಾ ಘಟನೆ ನಡೆದ ಕಡೆ ದೂರು ಕೊಡಬೇಕಿತ್ತು, ಅಂದರೆ ಪ್ರತಿ ವಾಯಿದೆಗೂ ಮಂಗಳೂರಿನ ಬಸ್ಸು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂದ ಮೇಲೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. 2020ರ ವಸಂತದಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸುಗಳೂ ನಿಂತ ದಿನಗಳನ್ನು ನೋಡಿದ ಜಿಲ್ಲೆಗೆ, ಅದೇ ವರ್ಷ ಬಂದ ಈ ಬದಲಾವಣೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಆಸ್ಪತ್ರೆಯ ವಕೀಲರು ವ್ಯಾಪ್ತಿಯ ತಕರಾರನ್ನು ಎತ್ತಿಯೇ ಎತ್ತಿದರು. ನಮ್ಮವರು ಆಧಾರ್ ಕಾರ್ಡು, ಪಡಿತರ ಚೀಟಿಗಳ ಪ್ರತಿಯನ್ನು ಮೊದಲೇ ಲಗತ್ತಿಸಿದ್ದರಿಂದ ಅದು ಅಲ್ಲಿಗೇ ನಿಂತಿತು. ಆಯೋಗಕ್ಕೆ ಕಟ್ಟುವ ಶುಲ್ಕದ ಬಗ್ಗೆಯೂ ನನಗೆ ತಪ್ಪು ಭಯವಿತ್ತು. ಶುಲ್ಕ ನಿಲ್ಲುವುದು ನಾವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. ಮೊದಲ ಆಸ್ಪತ್ರೆಗೆ ನಾವು ಕಟ್ಟಿದ್ದು 42,000 ರೂಪಾಯಿ. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ. ನಾವು ಏಳನೆಯ ತಿಂಗಳಲ್ಲೇ ಸಲ್ಲಿಸಿದೆವು. ಆನ್‌ಲೈನಿನಲ್ಲೂ ಸಲ್ಲಿಸಬಹುದು, ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ಇದನ್ನು ನನಗೆ ಹೇಳಿದವರು ಶುಲ್ಕ ಪಡೆಯಬೇಕಾದ ಆ ವಕೀಲೆಯೇ.

ಎಷ್ಟು ಕೇಳಬೇಕೆಂಬಲ್ಲಿ ನಮಗೆ ಜಟಾಪಟಿಯಾಯಿತು. ಕೋಲ್ಕತ್ತದ ಅನುರಾಧಾ ಸಾಹಾ ಪ್ರಕರಣವನ್ನು ನಾನು ಓದಿಕೊಂಡು ಹೋಗಿದ್ದೆ. 1998ರಲ್ಲಿ ಚರ್ಮದ ಕಾಯಿಲೆಗೆಂದು ಸ್ಟೆರಾಯ್ಡ್ ಚುಚ್ಚುಮದ್ದನ್ನು ಮಿತಿಮೀರಿ ಕೊಟ್ಟು ಆಕೆ ತೀರಿಕೊಂಡ ಮೇಲೆ, ಪತಿ ಕುನಾಲ್ ಸಾಹಾ ಹದಿನೈದು ವರ್ಷ ಹೋರಾಡಿ, 2013ರಲ್ಲಿ ಸುಪ್ರೀಂ ಕೋರ್ಟಿನಿಂದ ಸುಮಾರು ಆರು ಕೋಟಿ ರೂಪಾಯಿ ಪರಿಹಾರದ ಆದೇಶ ಪಡೆದಿದ್ದರು. ಆ ಲೆಕ್ಕದಲ್ಲಿ ನನಗೆ ಇಪ್ಪತ್ತೈದು ಲಕ್ಷ ಏನೂ ಅಲ್ಲವೆಂದು ತೋರಿತ್ತು. ಅನುರಾಧಾ ಅಮೆರಿಕದಲ್ಲಿ ನೆಲೆಸಿದ್ದ ಮಕ್ಕಳ ಮನಶ್ಶಾಸ್ತ್ರಜ್ಞೆ, ಮುಂದಿನ ಮೂರು ದಶಕಗಳ ಸಂಪಾದನೆ ಆ ಲೆಕ್ಕದಲ್ಲಿ ಸೇರಿತ್ತು, ಇಲ್ಲಿ ದೇವರ ದಯೆಯಿಂದ ರೋಗಿ ಬದುಕಿದ್ದಾರೆ ಎಂದು ವಕೀಲೆ ಸೌಮ್ಯವಾಗಿಯೇ ಹೇಳಿ, ಕಾಗದ ಎಳೆದುಕೊಂಡು ಲೆಕ್ಕ ಬರೆದರು: ಎರಡನೆಯ ಆಸ್ಪತ್ರೆಯ ಬಿಲ್ಲು, ಬಾಡಿಗೆ ಕಾರು, ಆರೈಕೆಗೆ ಇಟ್ಟುಕೊಂಡ ಹೆಂಗಸಿನ ಸಂಬಳ, ನಾಲ್ಕು ತಿಂಗಳ ರಕ್ತಪರೀಕ್ಷೆ, ಅಡಿಕೆ ಸುಲಿಯುವ ಕಾಲದಲ್ಲಿ ನನ್ನ ಪತ್ನಿಯ ಬದಲು ಹಿಡಿದ ಆಳುಗಳ ಕೂಲಿ, ಇವಕ್ಕೆಲ್ಲ ರಶೀದಿ ಅಥವಾ ಸಾಕ್ಷಿ, ನೋವಿಗೂ ಮನಃಕ್ಲೇಶಕ್ಕೂ ಪ್ರತ್ಯೇಕವಾಗಿ ಮೂರು ಲಕ್ಷ. ಒಟ್ಟು ಆರೂವರೆ ಲಕ್ಷಕ್ಕೆ ನಿಂತಿತು. ಮನೆಯೊಳಗಿನ ಹೆಂಗಸಿನ ದುಡಿಮೆಯನ್ನು ಕೂಲಿಯಾಳಿನ ರಶೀದಿಯ ಮೂಲಕ ಲೆಕ್ಕಕ್ಕೆ ತಂದದ್ದು ನನಗೆ ಈ ಸೇವೆಯ ಅತ್ಯಂತ ಮೆಚ್ಚುಗೆಯ ಭಾಗ. ಪರಿಹಾರವೆಂಬ ಪದ ಕಾಸರಗೋಡಿಗೆ ಹೊಸದಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ, ಆ ಪಟ್ಟಿಗೆ ಹೆಸರು ಸೇರಿಸಲು ಎಣ್ಮಕಜೆಯ ತಾಯಂದಿರು ಕಾಗದದ ಕಟ್ಟು ಹಿಡಿದು ಅಲೆದದ್ದನ್ನೂ ಕಂಡವರು ನಾವು. ನೋವಿಗೆ ಕಾಗದ ಬೇಕೆಂಬುದನ್ನು ಇಲ್ಲಿ ಯಾರೂ ಕಲಿಸಬೇಕಾಗಿಲ್ಲ, ಯಾವ ಕಾಗದವೆಂದು ಹೇಳಿಕೊಡುವವರು ಬೇಕು.

ಇನ್ನು ತೆಗಳಿಕೆ. ಸಾಕ್ಷ್ಯದ ಅಫಿದಾವಿತ್ತನ್ನು ಕಿರಿಯ ವಕೀಲರೊಬ್ಬರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ, ಸಂಜೆ ಐದಕ್ಕೆ ಕರೆದು, ಇಲ್ಲಿಲ್ಲಿ ಸಹಿ ಹಾಕಿ ಎಂದು ನನ್ನ ಪತ್ನಿಗೆ ಬೆರಳು ತೋರಿಸಿದರು. ಆಕೆ ಓದಿದ್ದು ಕನ್ನಡದಲ್ಲಿ, ಏಳನೆಯ ತರಗತಿಯವರೆಗೆ. ಓದಿ ಹೇಳದೆ ಸಹಿ ಹಾಕುವುದಿಲ್ಲ ಎಂದು ಆಕೆಯೇ ಪಟ್ಟು ಹಿಡಿದಳು. ಮಲಯಾಳದಲ್ಲಿ ಹೇಳಲು ಹೊರಟರು. ಕನ್ನಡದಲ್ಲಿ ಆಗಬೇಕೆಂದು ನಾನು ಸೇರಿಸಿದೆ. ಗುಮಾಸ್ತರು ಗೊಣಗುತ್ತ ಕನ್ನಡದಲ್ಲಿ ಹೇಳುತ್ತ ಹೋದಾಗ ಏಳನೆಯ ಪರಿಚ್ಛೇದದಲ್ಲಿ ಹತ್ತೊಂಬತ್ತು ದಿನ ಮಾತ್ರೆ ಸೇವಿಸಿದ್ದಾಗಿ ಇರುವುದು ಗೊತ್ತಾಯಿತು. ಒಂಬತ್ತು ಎಂದಿರಬೇಕಾದಲ್ಲಿ ಹತ್ತೊಂಬತ್ತು. ಹತ್ತೊಂಬತ್ತಕ್ಕೆ ಲಕೋಟೆಯೊಳಗಿನ ಹನ್ನೊಂದು ಸೇರಿಸಿದರೆ ಮೂವತ್ತು, ಬಿಲ್ಲಿನಲ್ಲಿರುವುದು ಇಪ್ಪತ್ತು. ಹಾಗೆಯೇ ಸಲ್ಲಿಸಿದ್ದರೆ ನಮ್ಮ ಅತ್ಯುತ್ತಮ ಸಾಕ್ಷ್ಯವೇ ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತಿತ್ತು. ಬರೆದುಕೊಳ್ಳುವಾಗಿನ ತಪ್ಪಿನ ಮೇಲೆ ಹೂಡಿದ ಮೊಕದ್ದಮೆಯಲ್ಲೇ ಬರೆದುಕೊಳ್ಳುವಾಗ ತಪ್ಪು! ವಕೀಲೆ ಕ್ಷಮೆ ಕೇಳಿ, ಅಂದಿನಿಂದ ಪ್ರತಿ ಕಾಗದವನ್ನೂ ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡಿದರು. ಅದನ್ನು ಒಪ್ಪುತ್ತೇನೆ. ಆದರೆ ವಕೀಲರ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿರುವುದರಿಂದ, ವೈದ್ಯರ ಬರಹದ ತಪ್ಪಿಗೆ ಇರುವ ಬಾಗಿಲು ವಕೀಲರ ಬರಹದ ತಪ್ಪಿಗೆ ಇಲ್ಲ ಎಂಬುದನ್ನು ಸಹಿ ಹಾಕುವ ಎಲ್ಲರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ವಾಯಿದೆಯ ದಿನಾಂಕ ಮುಂದೆ ಹೋದದ್ದನ್ನು ತಿಳಿಸುವುದರಲ್ಲೂ ಕಚೇರಿ ಹಿಂದೆ. ಎರಡು ಸಲ ಪತ್ನಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದು ಹಿಂದಿರುಗಿದ್ದೇವೆ.

ವಿಚಾರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರುದಾರರಿಗೆ ಉತ್ತರ ಸಲ್ಲಿಸಲು 30 ದಿನ, ಮೇಲೆ 15, ಅದಕ್ಕಿಂತ ಆಚೆ ಇಲ್ಲ. ಅವರು ನಲವತ್ತೆರಡನೆಯ ದಿನ ಸಲ್ಲಿಸಿದರು. ಆಮೇಲೆ ತಜ್ಞರ ಅಭಿಪ್ರಾಯವಿಲ್ಲದೆ ದೂರು ನಿಲ್ಲದು ಎಂದು ವಾದಿಸಿ ಕಾಲ ತಳ್ಳಿದರು. ಅದಕ್ಕೆ ಅವರು ಹಿಡಿದದ್ದು 2009ರ ಮಾರ್ಟಿನ್ ಡಿಸೋಜಾ ತೀರ್ಪು. ಅಮಿಕಾಸಿನ್ ಚುಚ್ಚುಮದ್ದಿನಿಂದ ಕಿವಿ ಹೋಯಿತೆಂದು ರೋಗಿ ದೂರಿದ್ದ ಪ್ರಕರಣವದು, ಅಲ್ಲಿ ವೈದ್ಯರೇ ಗೆದ್ದಿದ್ದರು. ನಮ್ಮವರು 2010ರ ಕಿಶನ್ ರಾವ್ ತೀರ್ಪನ್ನು ಮುಂದಿಟ್ಟರು. ಮಲೇರಿಯಾ ಇದ್ದವರಿಗೆ ಟೈಫಾಯ್ಡಿನ ಚಿಕಿತ್ಸೆ ಕೊಟ್ಟ ಆ ಪ್ರಕರಣದಲ್ಲಿ, ಪ್ರತಿ ದೂರಿಗೂ ತಜ್ಞರು ಬೇಕಿಲ್ಲ, ತಪ್ಪು ತಾನಾಗಿಯೇ ಕಣ್ಣಿಗೆ ಕಾಣುವಂತಿದ್ದರೆ ದಾಖಲೆಯೇ ಸಾಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಎರಡನೆಯ ಆಸ್ಪತ್ರೆಯ ವೈದ್ಯರಿಂದ ಒಂದು ಲಿಖಿತ ಹೇಳಿಕೆಯನ್ನು ಪಡೆದಿಟ್ಟುಕೊಂಡಿದ್ದ ನಮ್ಮ ವಕೀಲೆಯ ಮುಂದಾಲೋಚನೆ ಕೆಲಸಕ್ಕೆ ಬಂತು. ದೂರಿನ ತೀರ್ಮಾನಕ್ಕೆ ಕಾಯಿದೆ ಹೇಳುವ ಅವಧಿ ಮೂರು ತಿಂಗಳು. ಮುಂದೂಡಿಕೆಗಳನ್ನು ಕೇಳಿ ಕೇಳಿ ಎದುರುದಾರರು ಅದನ್ನು ಎರಡು ವರ್ಷಕ್ಕೆ ಎಳೆದರು.

ಕೊನೆಗೆ ಮಧ್ಯಸ್ಥಿಕೆಗೆ ಒಪ್ಪಿದವರು ಆಸ್ಪತ್ರೆಯ ವಿಮಾ ಕಂಪೆನಿಯವರು. ಒಂದೂವರೆ ಲಕ್ಷದಿಂದ ಆರಂಭಿಸಿದರು, 4,10,000ಕ್ಕೆ ಮುಗಿಯಿತು. ಆದೇಶಕ್ಕೆ ಕಾದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೋ ಏನೋ. ಆದರೆ ಆದೇಶದ ಮೇಲೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಅರ್ಧ ಹಣ ಠೇವಣಿಯಿಟ್ಟು ಅವರು ಹೋಗಿಯೂ ಹೋಗುತ್ತಾರೆ, ಅನಂತರ ತಿರುವನಂತಪುರದ ದಾರಿ ಎಂದು ವಕೀಲೆ ನಕ್ಷೆ ಬಿಡಿಸಿದಂತೆ ಹೇಳಿ, ತೀರ್ಮಾನವನ್ನು ನನಗಲ್ಲ, ನನ್ನ ಪತ್ನಿಗೆ ಬಿಟ್ಟರು. ಆಕೆ ಒಪ್ಪಿದಳು. ಹೆಸರು ಹೊರಗೆ ಹೇಳಬಾರದೆಂಬ ಕರಾರು ಆಸ್ಪತ್ರೆಯದು. ಮೆಥೋಟ್ರೆಕ್ಸೇಟ್ ಬರೆಯುವಾಗ ವಾರದ ಯಾವ ದಿನವೆಂದು ಚೀಟಿಯಲ್ಲಿ ನಮೂದಿಸಬೇಕೆಂಬ ಕರಾರು ಆಕೆಯದು. ಅದನ್ನು ಪರಿಶೀಲಿಸುತ್ತೇವೆ ಎಂದು ಬಾಯಲ್ಲಿ ಹೇಳಿದರೇ ಹೊರತು ಕಾಗದದಲ್ಲಿ ಬರೆಯಲು ಒಪ್ಪಲಿಲ್ಲ. ಈ ಒಂದು ಸಾಲಿಗಾಗಿ ನಮ್ಮ ವಕೀಲೆ ಇನ್ನೂ ಸ್ವಲ್ಪ ಹಟ ಹಿಡಿಯಬೇಕಿತ್ತೆಂದು ನನ್ನ ಅಸಮಾಧಾನ. ನನ್ನ ಪತ್ನಿಗೂ ಹಣಕ್ಕಿಂತ ಅದರ ಬಗ್ಗೆಯೇ ಬೇಸರ.

ಕಚೇರಿಯ ಶುಲ್ಕ ಮೂರು ಕಂತಿನಲ್ಲಿ 45,000 ರೂಪಾಯಿ, ಅಂಚೆ, ಟೈಪಿಂಗ್, ನಕಲುಗಳಿಗೆ ಬೇರೆ 3,700. ಎಲ್ಲಕ್ಕೂ ರಶೀದಿ ಕೊಟ್ಟರು, ಹಣ ಬಂದ ಮೇಲೆ ಕಾಣಿಕೆಯ ಸೂಚನೆಯನ್ನೂ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಅಫಿದಾವಿತ್ತಿನದು. ಸರಕಾರಿ ಆಸ್ಪತ್ರೆಯಲ್ಲಿ ಪೂರ್ಣ ಉಚಿತವಾಗಿ ಚಿಕಿತ್ಸೆ ಪಡೆದವರಿಗೆ ಮಾತ್ರ ಈ ದಾರಿ ತೆರೆದಿಲ್ಲ. ಅಂಥ ಒಬ್ಬರು ನನ್ನೆದುರಿಗೇ ಬಂದಾಗ ವಕೀಲೆ ಅವರಿಂದ ಹಣ ಪಡೆಯದೆ, ಇದು ಸಿವಿಲ್ ಕೋರ್ಟಿನ ಸಂಗತಿಯೆಂದು ತಿಳಿಸಿ ಬೇರೆಯವರ ಬಳಿಗೆ ಕಳಿಸಿದ್ದನ್ನು ನೋಡಿದ್ದೇನೆ.

ಕಡತ ಮುಗಿದ ದಿನ ಮೂಲ ದಾಖಲೆಗಳನ್ನು ಹಿಂದಿರುಗಿಸಿದರು. ಗುಮಾಸ್ತರು ಪಟ್ಟಿಯನ್ನು ಈ ಬಾರಿ ತಾವಾಗಿಯೇ ಕನ್ನಡದಲ್ಲಿ ಓದಿದರು: ಡಿಸ್ಚಾರ್ಜ್ ಚೀಟಿ ಒಂದು, ಮದ್ದಿನಂಗಡಿಯ ಬಿಲ್ಲು ಒಂದು, ಮುದ್ರೆಯೊತ್ತಿದ ಲಕೋಟೆ ಒಂದು, ಅದರೊಳಗೆ ಮಾತ್ರೆಗಳು ಹನ್ನೊಂದು. ಲಕೋಟೆ ಒಡೆಸಿ, ಎಣಿಸಿ ನೋಡಿದ ಮೇಲೆಯೇ ನನ್ನ ಪತ್ನಿ ಸಹಿ ಹಾಕಿದಳು.